ಕೊಂಡು ಬಿಡಿಸಿದ ಸಿಂಹ

ಆಂಟನಿ ಬರ್ಕ್ ಮತ್ತು ಜಾನ್ ರೆಂಡಾಲ್ ಎಂಬ ಇಬ್ಬರು ಆಸ್ಟ್ರೇಲಿಯದ ತರುಣರು ಬರೆದ ‘ಎ ಲಯನ್ ಕಾಲ್ಡ್ ಕ್ರಿಶ್ಚಿಯನ್’ ಮೊದಲು ಅಚ್ಚಾದದ್ದು 1971ರಲ್ಲಿ; ಪರಿಷ್ಕೃತವಾಗಿ ಮತ್ತೆ ಬಂದದ್ದು 2009ರಲ್ಲಿ. ಪ್ರಾಣಿದಯೆಯ ಮಾತು ಬಂದಾಗ ಆದರ್ಶವೆಂದು ಉದಾಹರಿಸಲ್ಪಡುವ ಈ ಕೃತಿಯನ್ನು ಮೆಚ್ಚಿದವರು ಬಹಳ, ಪರೀಕ್ಷಿಸಿದವರು ವಿರಳ.

1969ರಲ್ಲಿ ಲಂಡನ್ನಿನ ಹ್ಯಾರಡ್ಸ್ ಮಳಿಗೆಯಲ್ಲಿ ಸಿಂಹದ ಮರಿಯೊಂದು ಮಾರಾಟಕ್ಕಿತ್ತು. ಅದು ಆಫ್ರಿಕದಿಂದ ಬಂದುದಲ್ಲ. ಇಂಗ್ಲೆಂಡಿನದೇ ಆದ ಒಂದು ಚಿಕ್ಕ ಮೃಗಾಲಯದಲ್ಲಿ ಹುಟ್ಟಿದ್ದು. ಈ ತರುಣರು 250 ಗಿನಿ ತೆತ್ತು ಅದನ್ನು ಕೊಂಡರು, ಚೆಲ್ಸಿಯ ಪೀಠೋಪಕರಣದ ಅಂಗಡಿಯ ನೆಲಮಾಳಿಗೆಯಲ್ಲಿ ಸಾಕಿದರು, ಹತ್ತಿರದ ಚರ್ಚಿನ ಗೋಡೆಯೊಳಗಿನ ಬಯಲಿನಲ್ಲಿ ಓಡಾಡಿಸಿದರು. ಅಂದಿನ ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಅಪಾಯಕಾರಿ ವನ್ಯಪ್ರಾಣಿಗಳನ್ನು ಪರವಾನಗಿಯಿಲ್ಲದೆ ಸಾಕಬಾರದೆಂಬ ಶಾಸನ ಬ್ರಿಟನ್ನಿನಲ್ಲಿ ಬಂದದ್ದು 1976ರಲ್ಲಿ. ಮರಿ ಬೆಳೆಯಿತು, ಅಂಗಡಿ ಚಿಕ್ಕದಾಯಿತು. ಪೀಠೋಪಕರಣ ಕೊಳ್ಳಲು ಬಂದ ನಟ ಬಿಲ್ ಟ್ರ್ಯಾವರ್ಸ್ ಅವರ ಮೂಲಕ ಕೀನ್ಯದ ಜಾರ್ಜ್ ಆಡಮ್‌ಸನ್ ಅವರ ಸಂಪರ್ಕವಾಗಿ, 1970ರಲ್ಲಿ ಕ್ರಿಶ್ಚಿಯನ್ ಕೋರಾ ಅರಣ್ಯಕ್ಕೆ ತಲುಪಿತು.

ಲೇಖಕರ ವಾತ್ಸಲ್ಯ ನಿಜವಾದದ್ದು, ಬರವಣಿಗೆಯಲ್ಲಿ ಆಡಂಬರವಿಲ್ಲ. ಆದರೆ ಕೃತಿಯ ಮೂಲದಲ್ಲೇ ಒಂದು ತೊಡಕಿದೆ. ಮರಿಯನ್ನು ಬಿಡಿಸಲೆಂದು ಕೊಟ್ಟ ಹಣವೂ ಆಟಕ್ಕೆಂದು ಕೊಟ್ಟ ಹಣವೂ ಮಾರುವವನ ಪೆಟ್ಟಿಗೆಯಲ್ಲಿ ಒಂದೇ. ಒಂದು ಮರಿ ಹೋದ ಗೂಡಿಗೆ ಇನ್ನೊಂದು ಮರಿ ಬರುತ್ತದೆ. ಕಟುಕನ ಕೈಯಿಂದ ಕುರಿ ಆಡುಗಳನ್ನು ಬೆಲೆ ಕೊಟ್ಟು ಬಿಡಿಸುವ ಅಭಯದಾನದ ರೂಢಿ ನಮ್ಮ ಸಮಾಜದಲ್ಲಿಯೂ ಇರುವುದರಿಂದ, ಈ ಪ್ರಶ್ನೆ ಲಂಡನ್ನಿನವರದು ಮಾತ್ರವೆಂದು ಬದಿಗಿಡುವಂತಿಲ್ಲ. ಬಿಡುಗಡೆಗೊಂಡ ಜೀವಕ್ಕೆ ಆದ ಉಪಕಾರ ಸುಳ್ಳಲ್ಲ. ಬರಿದಾದ ಹಟ್ಟಿಗೆ ಏನು ಬಂತೆಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ, ಅಷ್ಟೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವನ್ನು ಮೊದಲು ಎಣಿಸಿದ ಆಚಾರ್ಯರಿಗೆ ಪ್ರೀತಿಯ ಹಗ್ಗವೂ ಹಗ್ಗವೇ ಎಂಬುದು ತಿಳಿದಿತ್ತು.

ಎರಡನೆಯ ತೊಡಕು ಆಹಾರದ್ದು. ಕೃತಿ ಇದನ್ನು ಮನೆಖರ್ಚಿನ ಮಾತಾಗಿ ದಾಟಿಬಿಡುತ್ತದೆ. ಮಾಂಸವಿಲ್ಲದೆ ಸಿಂಹ ಬದುಕಲಾರದು. ಬೆಳೆದ ಸಿಂಹಕ್ಕೆ ದಿನಕ್ಕೆ ಸರಾಸರಿ 5ರಿಂದ 7 ಕಿಲೋ ಬೇಕು, ಬಂಧನದಲ್ಲಿ ಅದು 20 ವರ್ಷ ಬದುಕಬಲ್ಲದು. ಕಾಡಿನಲ್ಲಿ ಸಿಂಹ ಕೊಂದರೆ ಅದು ಅದರ ಪ್ರಕೃತಿ. ಮನುಷ್ಯ ಅದನ್ನು ಕೂಡಿಹಾಕಿದ ಮೇಲೆ ಆ ವಧೆ ಮನುಷ್ಯನ ಖಾತೆಗೆ ಬರುತ್ತದೆ. ಸಿಂಹವನ್ನು ಉಳಿಸುವವನಿಗೂ ಇದರಿಂದ ವಿನಾಯಿತಿಯಿಲ್ಲ. ಹಾಗೆಂದು ರಕ್ಷಿಸದೆ ಬಿಡಬೇಕೆ? ಉಪವಾಸ ಕೆಡಹುವುದೂ ಅನ್ನಪಾನನಿರೋಧವೆಂಬ ಅತಿಚಾರವೇ. ಈ ಇಕ್ಕಟ್ಟಿನಿಂದ ಹೊರಬರಲು ಕಾಣುವ ದಾರಿ ಒಂದೇ: ಇಂಥ ಮರಿಗಳು ಮಾರಾಟಕ್ಕಾಗಿ ಹುಟ್ಟದಂತೆ ನೋಡಿಕೊಳ್ಳುವುದು. ಅಮೆರಿಕವು 2022ರ ಡಿಸೆಂಬರಿನಲ್ಲಿ ದೊಡ್ಡ ಬೆಕ್ಕುಜಾತಿಯ ಪ್ರಾಣಿಗಳನ್ನು ಖಾಸಗಿಯವರು ಹೊಸದಾಗಿ ಸಾಕುವುದನ್ನು ನಿಷೇಧಿಸಿತು. ಭಾರತವು 1998ರಲ್ಲಿಯೇ ಸಿಂಹವನ್ನು ಪ್ರದರ್ಶನಪ್ರಾಣಿಗಳ ಪಟ್ಟಿಯಿಂದ ತೆಗೆಯಿತು. ಆಗ ಸರ್ಕಸ್ಸಿನಿಂದ ಬಿಡುಗಡೆಯಾದ ಸಿಂಹಗಳಲ್ಲಿ ಕೆಲವಕ್ಕೆ ನಮ್ಮ ಬನ್ನೇರುಘಟ್ಟ ಆಶ್ರಯವಾಯಿತು. ರಕ್ಷಣಾಕೇಂದ್ರಗಳಲ್ಲಿ ಅವುಗಳ ಸಂತಾನವನ್ನು ತಡೆದದ್ದು ಕಠೋರವೆನಿಸಿದರೂ ಉಚಿತವಾದದ್ದೇ.

ಕೋರಾದ ಅಧ್ಯಾಯಗಳು ಓದುಗನಲ್ಲಿ ಮೂಡಿಸುವ ಭರವಸೆಯೂ ಪರಿಶೀಲನಾರ್ಹ. ಮನುಷ್ಯಸಂಗದಲ್ಲಿ ಬೆಳೆದ ಸಿಂಹಕ್ಕೆ ಮನುಷ್ಯನ ಭಯ ಉಳಿಯುವುದಿಲ್ಲ. ಕ್ರಿಶ್ಚಿಯನ್‌ನ ಸಂಗಾತಿಯಾಗಿದ್ದ, ‘ಬಾರ್ನ್ ಫ್ರೀ’ ಚಲನಚಿತ್ರದಲ್ಲಿ ನಟಿಸಿದ್ದ ಬಾಯ್ ಎಂಬ ಸಿಂಹ 1971ರಲ್ಲಿ ಶಿಬಿರದ ಕೆಲಸಗಾರನೊಬ್ಬನನ್ನು ಕೊಂದಿತು. ಅದನ್ನು ಗುಂಡಿಕ್ಕಿ ಕೊಂದವರು ಸ್ವತಃ ಆಡಮ್‌ಸನ್. ಇಂದು ವ್ಯಾಪಾರಿಗಳಿಂದ, ಸರ್ಕಸ್ಸುಗಳಿಂದ ಬಿಡಿಸಿದ ಸಿಂಹಗಳನ್ನು ಸಾಮಾನ್ಯವಾಗಿ ಕಾಡಿಗೆ ಬಿಡದೆ ಬೇಲಿಯೊಳಗಿನ ವಿಶಾಲ ಆಶ್ರಯಧಾಮಗಳಲ್ಲಿ ಇಡುವುದು ಈ ಕಾರಣಕ್ಕೆ. ಎಷ್ಟೋ ಸಿಂಹಗಳ ಉಗುರು ಕಿತ್ತಿರುತ್ತದೆ, ಹಲ್ಲು ಮುರಿದಿರುತ್ತದೆ. ಆಶ್ರಯಧಾಮವೂ ಕೋಟೆಯಲ್ಲ. 2016ರಲ್ಲಿ ಪೆರು ಮತ್ತು ಕೊಲಂಬಿಯದ ಸರ್ಕಸ್ಸುಗಳಿಂದ ಬಿಡಿಸಿದ 33 ಸಿಂಹಗಳನ್ನು ವಿಮಾನದಲ್ಲಿ ದಕ್ಷಿಣ ಆಫ್ರಿಕಕ್ಕೆ ಒಯ್ದರು. ಮರುವರ್ಷವೇ ಅವುಗಳಲ್ಲಿ ಎರಡನ್ನು ಕಳ್ಳಬೇಟೆಗಾರರು ಕೊಂದರು.

1971ರಲ್ಲಿ ಹಳೆಯ ಒಡೆಯರನ್ನು ಕಂಡ ಕ್ರಿಶ್ಚಿಯನ್ ಬೆಟ್ಟದಿಳಿಜಾರಿನಲ್ಲಿ ಓಡಿಬಂದು ಅವರನ್ನು ತಬ್ಬಿಕೊಂಡ ಚಿತ್ರ 2008ರಲ್ಲಿ ಅಂತರಜಾಲದ ಮೂಲಕ ಲೋಕವನ್ನೆಲ್ಲ ಕಣ್ಣೀರಿಡಿಸಿತು. ನೋಡಿದವರಲ್ಲಿ ಸಿಂಹದ ಮರಿಯನ್ನು ಸಾಕುವ ಆಸೆ ಎಷ್ಟು ಮಂದಿಗೆ ಹುಟ್ಟಿತೋ! ಅಪ್ಪುಗೆಯ ಮುಂದಿನ ಕಥೆ ಆ ಚಿತ್ರದಲ್ಲಿಲ್ಲ. 1973ರ ಆರಂಭದ ನಂತರ ಕ್ರಿಶ್ಚಿಯನ್ ಮತ್ತೆ ಶಿಬಿರದ ಕಡೆಗೆ ಬರಲಿಲ್ಲ. ಆಡಮ್‌ಸನ್ ಅದರ ಹೆಜ್ಜೆಗಾಗಿ ಕಾದರು. ಅವರೂ 1989ರಲ್ಲಿ ಅದೇ ಕೋರಾದಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾದರು.