ಮಹಾದೇವಿಯಕ್ಕನ ರಗಳೆಯಲ್ಲಿ ಕರ್ತವ್ಯವಿವೇಕ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯು ಮಹಾದೇವಿಯಕ್ಕನ ಹುಟ್ಟೂರೆಂದು ನಾಡೆಲ್ಲ ಬಲ್ಲದು. ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದುಕೊಂಡಿರುವ ಬಳ್ಳಿಗಾವೆಯೂ ಅದೇ ತಾಲ್ಲೂಕಿನಲ್ಲಿದೆ. ಹನ್ನೆರಡನೆಯ ಶತಮಾನದ ಈ ಶರಣೆಯನ್ನು ನೆನೆಯುವವರು ಸಾಮಾನ್ಯವಾಗಿ ಆಕೆಯ ಭಕ್ತಿಯ ತೀವ್ರತೆಯನ್ನೂ ವೈರಾಗ್ಯದ ಕೆಚ್ಚನ್ನೂ ಕೊಂಡಾಡುವರು. ಅದು ಯುಕ್ತವೇ ಸರಿ. ಆದರೆ ಅರಮನೆಯನ್ನು ತೊರೆದು ಹೊರಟ ಆ ಹೆಜ್ಜೆಯನ್ನು ಬರಿಯ ಭಾವಾವೇಶದ ಫಲವೆಂದು ಬಗೆದರೆ ಆಕೆಗೂ ಅನ್ಯಾಯ, ಆಕೆಯ ಚರಿತೆಯನ್ನು ಹಾಡಿದ ಹರಿಹರ ಕವಿಗೂ ಅನ್ಯಾಯ. ಮಹಾದೇವಿಯಕ್ಕನ ರಗಳೆಯಲ್ಲಿ ಹರಿಹರನು ಮುಂದಿಟ್ಟಿರುವುದು ಕರ್ತವ್ಯದ ಒಂದು ಕಠಿಣ ಸಮಸ್ಯೆ. ನಾಯಿಕೆಯು ಅದನ್ನು ಬಿಡಿಸುವುದು ವಿವೇಕದಿಂದ.

ಕಥೆಯು ಎಲ್ಲರೂ ಅರಿತುದೇ. ಉಡುತಡಿಯ ದೊರೆ ಕೌಶಿಕನು ಮಹಾದೇವಿಯ ಚೆಲುವಿಗೆ ಮರುಳಾಗುತ್ತಾನೆ. ಅವನು ಭವಿ; ಆಕೆ ಚೆನ್ನಮಲ್ಲಿಕಾರ್ಜುನನಿಗೆ ಮನಸ್ಸನ್ನು ಒಪ್ಪಿಸಿದವಳು. ರಾಜಕೋಪಕ್ಕೆ ಅಂಜಿದ ತಾಯಿತಂದೆಗಳು ಮಗಳ ಮುಂದೆ ಕಣ್ಣೀರಿಡುತ್ತಾರೆ. ಅವರನ್ನು ಉಳಿಸಲು ಮಹಾದೇವಿಯು ಒಪ್ಪುತ್ತಾಳೆ. ಆದರೆ ಕರಾರಿನ ಮೇಲೆ ಒಪ್ಪುತ್ತಾಳೆ. ಶಿವಪೂಜೆಯಲ್ಲಿಯೂ ಮಾಹೇಶ್ವರರ ಗೋಷ್ಠಿಯಲ್ಲಿಯೂ ಗುರುಸೇವೆಯಲ್ಲಿಯೂ ತಾನು ತನ್ನಿಚ್ಛೆಯಂತೆ ಇರತಕ್ಕುದು. ತಪ್ಪಿದರೆ ಮೂರು ತಪ್ಪುಗಳವರೆಗೆ ಮಾತ್ರ ತಾಳುವುದು. ಕೌಶಿಕನು ಒಪ್ಪಿಕೊಳ್ಳುತ್ತಾನೆ. ಮೂರು ಬಾರಿ ಮಾತು ಮುರಿಯುತ್ತದೆ. ಮೂರನೆಯದರೊಡನೆ ಆಕೆಯು ಉಟ್ಟುದನ್ನೂ ಬಿಟ್ಟು ಶ್ರೀಶೈಲದ ದಾರಿ ಹಿಡಿಯುತ್ತಾಳೆ.

ಕರ್ತವ್ಯಕ್ಕೆ ವಿವೇಕವೇ ಬುನಾದಿಯೆಂದು ಸಾಧಿಸಿದ ಜರ್ಮನ್ ತತ್ತ್ವಜ್ಞಾನಿ ಕಾಂಟನ (1724–1804) ವಿಚಾರವನ್ನು ಈ ಪ್ರಸಂಗದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ನೀತಿಯ ಮೂಲವನ್ನು ಕುರಿತು ಅವನು 1785ರಲ್ಲಿ ಪ್ರಕಟಿಸಿದ ಗ್ರಂಥದ ಸಾರವಿಷ್ಟು: ಕೆಲಸದ ಬೆಲೆಯು ಅದರ ಫಲದಲ್ಲಿಲ್ಲ, ಮನಸ್ಸಿನ ಒಲವಿನಲ್ಲಿಯೂ ಇಲ್ಲ, ಇದು ಎಲ್ಲರಿಗೂ ಸಲ್ಲುವ ನಿಯಮವಾಗಬಲ್ಲುದೆ ಎಂದು ವಿಚಾರಿಸಿ, ಆಗಬಲ್ಲುದೆಂಬ ಕಾರಣದಿಂದಲೇ ಅದನ್ನು ಮಾಡುವುದರಲ್ಲಿದೆ. ಲಾಭಕ್ಕೆಂದು ಸರಿಯಾಗಿ ತೂಗುವ ವರ್ತಕನ ಕೆಲಸವು ಕರ್ತವ್ಯಕ್ಕೆ ಹೊಂದಿದೆ. ಆದರೆ ಕರ್ತವ್ಯಬುದ್ಧಿಯಿಂದ ಹುಟ್ಟಿದುದಲ್ಲ. ಒಲವು ಒಂದು ಕಡೆಗೆ ಎಳೆಯುವಾಗಲೂ ಕರ್ತವ್ಯವು ಇನ್ನೊಂದು ಕಡೆಗೆ ನಿಲ್ಲಿಸಿದರೆ ಅಲ್ಲಿ ಅದರ ನಿಜವಾದ ಮುಖ ಕಾಣುತ್ತದೆ.

ಈ ಒರೆಗಲ್ಲಿಗೆ ಉಡುತಡಿಯ ಕನ್ಯೆಯನ್ನು ಹಚ್ಚಿದರೆ ಕಾವ್ಯದ ಸೂಕ್ಷ್ಮವು ಬೆಳಕಿಗೆ ಬರುತ್ತದೆ. ಮಹಾದೇವಿಯ ಒಲವೆಲ್ಲವೂ ಅರಮನೆಯ ಹೊರಗಿದೆ. ಓಡಿಹೋಗಲು ನೆವ ಬೇಕಿದ್ದರೆ ಮೊದಲನೆಯ ತಪ್ಪೇ ಸಾಕಾಗಿತ್ತು. ಆದರೂ ಆಕೆ ಮೊದಲನೆಯದನ್ನು ಮನ್ನಿಸುತ್ತಾಳೆ, ಎರಡನೆಯದನ್ನೂ ಮನ್ನಿಸುತ್ತಾಳೆ. ಅಲ್ಲಿ ಆಕೆಯನ್ನು ನಿಲ್ಲಿಸಿದುದು ಗಂಡನ ಮೇಲಣ ಮೋಹವಲ್ಲ, ತಾನು ಆಡಿದ ಮಾತು. ಭಕ್ತಿಯು ‘ಹೊರಡು’ ಎನ್ನುತ್ತಿರುವಾಗ ಕರ್ತವ್ಯವು ‘ಇರು’ ಎಂದಿತು. ಮೂರನೆಯ ಬಾರಿ ಮಾತಿನ ಕಟ್ಟು ತಾನಾಗಿ ಬಿಚ್ಚಿತು. ಆಗ ಒಲವೂ ಕರ್ತವ್ಯವೂ ಒಂದೇ ಹಾದಿಗೆ ಬಂದುವು. ಕ್ಷಮೆಗೆ ಮೇರೆಯೇ ಇಲ್ಲದಿದ್ದರೆ ಕರಾರು ಹುಸಿಯಾಗುತ್ತಿತ್ತು. ಕ್ಷಮೆಯೇ ಇಲ್ಲದಿದ್ದರೆ ಅದು ತಪ್ಪಿಸಿಕೊಳ್ಳುವ ಉಪಾಯವಾಗುತ್ತಿತ್ತು. ಮೂರೆಂಬ ಎಣಿಕೆಯು ಇವೆರಡರ ನಡುವಣ ಧರ್ಮಸೂಕ್ಷ್ಮ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಬೆದರಿಕೆಯಿಂದ ಪಡೆದ ಮಾತು ಮಾತೇ? ಮನುಷ್ಯನನ್ನು ಕೇವಲ ಸಾಧನವೆಂದು ಬಳಸಲಾಗದೆಂಬುದು ಕಾಂಟನ ಇನ್ನೊಂದು ನಿಯಮ. ಕೌಶಿಕನು ಮಗಳನ್ನು ಪಡೆಯಲು ಹೆತ್ತವರ ಭಯವನ್ನೇ ಸಾಧನ ಮಾಡಿಕೊಂಡನು. ಅಂಥವನಿಗೆ ಕೊಟ್ಟ ಬರಿಯ ಒಪ್ಪಿಗೆಯಲ್ಲಿ ಬಂಧಿಸುವ ಬಲವಿರಲಾರದು. ಮಹಾದೇವಿಯ ಹಿರಿಮೆಯೆಂದರೆ ಆಕೆಯು ಬರಿಯ ಒಪ್ಪಿಗೆಯನ್ನು ಕೊಡಲಿಲ್ಲ. ಇಬ್ಬರನ್ನೂ ಸಮವಾಗಿ ಕಟ್ಟುವ ನಿಯಮವನ್ನು ಕೊಟ್ಟಳು. ಬಲಾತ್ಕಾರವು ಬೇಡಿದುದು ಶರಣಾಗತಿಯನ್ನು. ಅದಕ್ಕೆ ದೊರೆತುದು ಒಡಂಬಡಿಕೆ. ಆ ಗಳಿಗೆಯಿಂದ ದೊರೆಯೂ ಪ್ರಜೆಯ ಮಗಳೂ ಒಂದೇ ವಿಧಿಗೆ ಒಳಗಾದರು. ಹೆಣ್ಣಿನ ಒಪ್ಪಿಗೆಯನ್ನು ಹಿರಿಯರ ಕಣ್ಣೀರಿನಿಂದ ಕೊಳ್ಳುವ ರೂಢಿಯು ಇನ್ನೂ ಪೂರ್ತಿ ಅಳಿಯದ ಸಮಾಜಕ್ಕೆ ಇದು ಹಳೆಯ ಕಥೆಯೆಂದು ತಳ್ಳಿಬಿಡುವ ವಿಷಯವಲ್ಲ.

ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಇದೇ ಕಥೆಯನ್ನು ಬೇರೆ ರೀತಿಯಾಗಿ ನಡೆಸಿದ್ದಾನೆ. ಅವನಲ್ಲಿ ವಿವಾಹವೇ ನಡೆಯುವುದಿಲ್ಲ. ಮಹಾದೇವಿಯು ಪಾರ್ವತಿಯ ಸಾತ್ತ್ವಿಕ ಕಳೆಯ ಅವತಾರ. ಹರಿಹರನಲ್ಲಿಯೂ ಕೈಲಾಸದ ಪೀಠಿಕೆಯುಂಟು. ಆದರೆ ಭೂಮಿಗಿಳಿದ ಮೇಲೆ ಅವನ ನಾಯಿಕೆ ಮನುಷ್ಯರ ಇಕ್ಕಟ್ಟಿಗೆ ಸಿಕ್ಕುವಳು. ಚಾಮರಸನ ಚಿತ್ರದಲ್ಲಿ ಪಾವಿತ್ರ್ಯದ ಕಾಂತಿ ಹೆಚ್ಚು. ಆದರೆ ಅಗ್ನಿಪರೀಕ್ಷೆಯ ಬಿಸಿ ಕಡಿಮೆ. ಅರಮನೆಯೊಳಗೆ ಇದ್ದು ಮಾತನ್ನು ಉಳಿಸಿಕೊಂಡವಳ ಕಷ್ಟವು ಅಲ್ಲಿ ಕಾಣದು.

ಹರಿಹರನ ಸೋದರಳಿಯ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ನೆನೆದರೆ ಇನ್ನೊಂದು ಭೇದವು ತೋರುವುದು. ಹರಿಶ್ಚಂದ್ರನಿಗೆ ಸತ್ಯವು ನಿರಪೇಕ್ಷವಾದುದು. ಎದುರಾಳಿಯು ನ್ಯಾಯವಾಗಿ ನಡೆದನೇ ಎಂದು ಅವನು ಕೇಳನು. ರಾಜ್ಯವನ್ನೂ ಮಡದಿಮಗನನ್ನೂ ಒಪ್ಪಿಸುವನು. ಕೊಲೆಗಾರನಿಗೂ ಸುಳ್ಳಾಡಲಾಗದೆಂದು 1797ರಲ್ಲಿ ಬರೆದ ಕಾಂಟನು ಈತನಲ್ಲಿ ತನ್ನ ಬಂಧುವನ್ನು ಕಂಡಾನು. ಆದರೆ ಆ ಹಾದಿಯಲ್ಲಿ ಒಬ್ಬನ ಸತ್ಯದ ಬೆಲೆಯನ್ನು ಚಂದ್ರಮತಿಯೂ ಲೋಹಿತಾಶ್ವನೂ ತೆರಬೇಕಾಯಿತು. ಮಹಾದೇವಿಯು ತನ್ನ ಮಾತಿನ ಭಾರವನ್ನು ಬೇರೆಯವರ ಹೆಗಲಿಗೆ ಏರಿಸಲಿಲ್ಲ.

ಹರಿಹರನಲ್ಲಿ ದೋಷವಿಲ್ಲವೆಂದಲ್ಲ. ಕೌಶಿಕನು ಭವಿಯೆಂಬುದನ್ನೇ ಕವಿಯು ಮುಖ್ಯಾಪರಾಧವಾಗಿ ಎಣಿಸುವಂತಿದೆ. ಮತಾಭಿಮಾನದ ಈ ಬಣ್ಣವನ್ನು ತೊಳೆದು ನೋಡಬೇಕು. ಕೌಶಿಕನು ಶಿವಭಕ್ತನೇ ಆಗಿದ್ದು ಹಾಗೆಯೇ ಮಾತು ಮುರಿದಿದ್ದರೂ ತೀರ್ಪು ಬದಲಾಗುತ್ತಿರಲಿಲ್ಲ. ಹಾಗೆಯೇ ಮಗಳನ್ನು ಒಪ್ಪಿಸಿದ ತಾಯಿತಂದೆಗಳ ಹೊಣೆಯನ್ನು ಕವಿಯು ವಿಚಾರಿಸದೆ ಮುಂದೆ ಸಾಗಿರುವನು. ರಗಳೆಯ ಓಟವು ಅಲ್ಲಿ ವಿಚಾರವನ್ನು ಹಿಂದಿಕ್ಕಿದೆ.

ಕಾಂಟನಿಗೂ ಅಕ್ಕನಿಗೂ ಇರುವ ಅಂತರವನ್ನೂ ಮರೆಯಲಾಗದು. ಅವನಿಗೆ ಧರ್ಮವಿಧಿಯೇ ಕೊನೆಯ ಮಾತು. ಆಕೆಗೆ ಅದು ಚೆನ್ನಮಲ್ಲಿಕಾರ್ಜುನನ ಕಡೆಗೆ ಹೋಗುವ ದಾರಿಯ ಒಂದು ಮೆಟ್ಟಿಲು. ಆದರೆ ಆ ಮೆಟ್ಟಿಲನ್ನು ಆಕೆ ಹಾರಿ ದಾಟಲಿಲ್ಲ, ಮೆಟ್ಟಿ ದಾಟಿದಳು. ಶೂನ್ಯಸಂಪಾದನೆಯಲ್ಲಿ, ಎಲ್ಲವನ್ನೂ ತೊರೆದವಳು ಕೂದಲಿನಿಂದ ಮೈಮುಚ್ಚಿಕೊಂಡುದೇಕೆಂಬ ಪ್ರಭುವಿನ ಪ್ರಶ್ನೆಗೆ, ನೋಡುವವರಿಗೆ ನೋವಾಗದಿರಲೆಂದು ಎಂಬರ್ಥದ ಉತ್ತರವನ್ನು ಆಕೆ ಕೊಡುವಳು. ಲೋಕದ ಹಂಗನ್ನು ಹರಿದವಳೂ ಲೋಕದವರಿಗೆ ತಾನು ಸಲ್ಲಿಸಬೇಕಾದುದನ್ನು ಮರೆಯಲಿಲ್ಲ. ಭಕ್ತಿಯು ವಿವೇಕಕ್ಕೆ ಹೊರತಾದುದೆಂದು ಹೇಳುವವರು ಈ ರಗಳೆಯನ್ನು ಇನ್ನೊಮ್ಮೆ ಓದತಕ್ಕುದು.