ಎನ್‌ಓಸಿ ಪಡೆದ ಆಟಗಾರ ಯಾರವನು?

ಮುಂಬಯಿಯಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಎನ್‌ಓಸಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೊರಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಫ್ಲಾಟು ಮಾರುವವರು, ಬಾಡಿಗೆಗೆ ಕೊಡುವವರು, ಸೆಕ್ರೆಟರಿಯವರ ಸಹಿ ಇರುವ ಆ ಒಂದು ಹಾಳೆಗಾಗಿ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾರೆಂಬುದು ಬಂಧುಗಳಿಗೆ ಗೊತ್ತಿದ್ದ ಸಂಗತಿಯೇ. ಅದೇ ಹಾಳೆ ಕೆಲವು ವರ್ಷಗಳಿಂದ ಪತ್ರಿಕೆಗಳ ಕ್ರೀಡಾಪುಟದಲ್ಲೂ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಒಂದು ರಾಜ್ಯದ ಕ್ರಿಕೆಟಿಗ ಇನ್ನೊಂದು ರಾಜ್ಯಕ್ಕೆ ಆಡಬೇಕಾದರೆ ತನ್ನ ಮೂಲ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹೀಗೆ ಹೊರಗಿನಿಂದ ಬಂದವರನ್ನು ಒಂದು ತಂಡ ಮೂವರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಿಯಮದ ತಿರುಳು ಇಷ್ಟೇ. ಆದರೆ ಅದರ ಸುತ್ತ ಏಳುವ ಗದ್ದಲವಿದೆಯಲ್ಲ, ಅದು ಇಷ್ಟಕ್ಕೆ ನಿಲ್ಲುವುದಿಲ್ಲ. ನಾವು ಇಲ್ಲಿ ವಿಮರ್ಶಿಸಹೊರಟಿರುವುದು ನಿಯಮಕ್ಕಿಂತ ಹೆಚ್ಚಾಗಿ ಆ ಗದ್ದಲವನ್ನು.

ಕರುಣ್ ನಾಯರ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2015ರ ಮಾರ್ಚಿಯಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆದದ್ದು ನಮ್ಮ ವಾಂಖೆಡೆ ಮೈದಾನದಲ್ಲಿ. ಎದುರಾಳಿ ತಮಿಳುನಾಡು. ಕರುಣ್ ಅಂದು 328 ಓಟಗಳನ್ನು ಹೊಡೆದರು. ರಣಜಿ ಫೈನಲಿನಲ್ಲಿ ಅದಕ್ಕಿಂತ ದೊಡ್ಡ ಮೊತ್ತವನ್ನು ಅದುವರೆಗೆ ಯಾರೂ ಹೊಡೆದಿರಲಿಲ್ಲ. ಕರ್ನಾಟಕ ಇನಿಂಗ್ಸ್ ಮತ್ತು 217 ಓಟಗಳಿಂದ ಗೆದ್ದಿತು. ಮರುವರ್ಷ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303. ಆಗ ಅವರು ಜೋಧಪುರದಲ್ಲಿ ಹುಟ್ಟಿದವರು, ಮಲಯಾಳಿ ಮನೆತನದವರು ಎಂಬುದನ್ನು ಯಾರು ಕೇಳಿದರು? ಬೆಂಗಳೂರಲ್ಲಿ ಬೆಳೆದ ಹುಡುಗ, ನಮ್ಮವನು, ಮಾತು ಮುಗಿಯಿತು. ರಾಹುಲ್ ದ್ರಾವಿಡ್ ಹುಟ್ಟಿದ್ದು ಇಂದೋರಿನಲ್ಲಿ ಎಂಬುದನ್ನೂ ನಾವು ಹೀಗೆಯೇ ಸುಖವಾಗಿ ಮರೆತಿದ್ದೇವೆ.

ಆಮೇಲೆ ಕಾಲ ತಿರುಗಿತು. 2022-23ರ ರಣಜಿ ಋತುವಿನಲ್ಲಿ ಕರುಣ್ ಅವರಿಗೆ ಕರ್ನಾಟಕ ತಂಡದಲ್ಲಿ ಸ್ಥಳವಿರಲಿಲ್ಲ. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024ರ ಫೆಬ್ರವರಿಯಲ್ಲಿ ನಾಗಪುರದಲ್ಲಿ ಕ್ವಾರ್ಟರ್ ಫೈನಲ್. ವಿಧಿಯ ಆಟ ನೋಡಿ, ಎದುರಾಳಿ ಕರ್ನಾಟಕವೇ. ಕರುಣ್ ಮೊದಲ ಇನಿಂಗ್ಸಿನಲ್ಲಿ 90 ಹೊಡೆದರು, ವಿದರ್ಭ 127 ಓಟಗಳಿಂದ ಗೆದ್ದಿತು. ಅಷ್ಟರ ತನಕ "ಪಾಪ, ಹುಡುಗನಿಗೆ ಅನ್ಯಾಯವಾಯಿತು" ಎನ್ನುತ್ತಿದ್ದ ನಾಲಿಗೆಗಳೇ "ಅನ್ನ ಕೊಟ್ಟ ಮನೆಗೆ ಎರಡು ಬಗೆದ" ಎಂದವು. ಬೆಳಗಿನ ಚರ್ಚ್‌ಗೇಟ್ ಫಾಸ್ಟಿನಲ್ಲಿ ನಿಂತು ಪಯಣಿಸುವ ನಮ್ಮವರ ಚರ್ಚೆಯಲ್ಲಿ ಇವೆರಡು ಮಾತುಗಳ ನಡುವೆ ನಾಲ್ಕು ದಿನಗಳ ಅಂತರವೂ ಇರಲಿಲ್ಲ.

2024-25ರ ಋತು ಇನ್ನೂ ಸ್ವಾರಸ್ಯದ್ದು. ವಿಜಯ್ ಹಜಾರೆ ಟ್ರೋಫಿಯಲ್ಲಿ ಕರುಣ್ ಐದು ಶತಕಗಳೊಂದಿಗೆ 779 ಓಟ ಗಳಿಸಿದರು. ಫೈನಲಿನಲ್ಲಿ ಮತ್ತೆ ಕರ್ನಾಟಕವೇ ಎದುರು. ವಡೋದರಾದಲ್ಲಿ 2025ರ ಜನವರಿ 18ರಂದು ಪ್ರಸಿದ್ಧ ಕೃಷ್ಣ ಅವರನ್ನು 27ಕ್ಕೆ ಬೌಲ್ಡ್ ಮಾಡಿದರು, ಕರ್ನಾಟಕ 36 ಓಟಗಳಿಂದ ಗೆದ್ದಿತು. ಅಂದು ನಮ್ಮವರಿಗೆ ಕರುಣ್ ಮೇಲೆ ಮತ್ತೆ ಕರುಣೆ ಹುಟ್ಟಿತು. ಗೆದ್ದವರಿಗೆ ಔದಾರ್ಯ ಸುಲಭ. ಆಮೇಲೆ ರಣಜಿ ಫೈನಲಿನಲ್ಲಿ ಅವರು ಶತಕ ಹೊಡೆದು ವಿದರ್ಭಕ್ಕೆ ಕಿರೀಟ ತಂದದ್ದು ಯಾರ ಎದುರು? ಕೇರಳದ ಎದುರು. ಹುಟ್ಟಿದ ಊರು, ಮನೆತನದ ನಾಡು, ಬೆಳೆದ ನಾಡು, ಆಡುವ ನಾಡು ಎಲ್ಲವೂ ಬೇರೆ ಬೇರೆ. ಈ ಮನುಷ್ಯ ಯಾರಿಗೆ ದ್ರೋಹ ಬಗೆದನೆಂದು ಹೇಳಲು ದೊಡ್ಡ ಪಂಚಾಯತಿಯನ್ನೇ ಕೂರಿಸಬೇಕಾದೀತು.

ಇದು ಕರುಣ್ ಒಬ್ಬರ ಕತೆಯಲ್ಲ. 2017ರ ಡಿಸೆಂಬರಿನಲ್ಲಿ ಕೋಲ್ಕತಾದ ಈಡನ್ ಗಾರ್ಡನ್ಸಿನಲ್ಲಿ ನಡೆದ ಸೆಮಿಫೈನಲಿನಲ್ಲಿ ಕರ್ನಾಟಕ ವಿದರ್ಭಕ್ಕೆ ಸೋತದ್ದು ಬರೇ ಐದು ಓಟಗಳಿಂದ. ಎರಡನೆಯ ಇನಿಂಗ್ಸಿನಲ್ಲಿ ವಿದರ್ಭವನ್ನು ಎತ್ತಿ ಹಿಡಿದವರು 81 ಓಟ ಹೊಡೆದ ಗಣೇಶ್ ಸತೀಶ್, ದಾವಣಗೆರೆಯವರು, ಮೊದಲು ಕರ್ನಾಟಕಕ್ಕೇ ಆಡಿದವರು. ಎದುರಿಗಿದ್ದ ಕರ್ನಾಟಕದ ನಾಯಕ ವಿನಯ್ ಕುಮಾರ್ ಕೂಡ ದಾವಣಗೆರೆಯವರೇ. ಆ ಐದು ಓಟಗಳ ನೋವು ಈಗಲೂ ಆರಿಲ್ಲವೆಂಬುದು ನಿಜ. ಆದರೆ ಆ ಐದು ಓಟಗಳಿಗಾಗಿ ಬೈಗುಳ ತಿಂದದ್ದು ಸತೀಶ್ ಅವರ ಎನ್‌ಓಸಿ. ಕರ್ನಾಟಕದ ಬ್ಯಾಟಿಂಗು ಅಷ್ಟು ತಿನ್ನಲಿಲ್ಲ.

ಹಿಂದೆಯೂ ಆಟಗಾರರು ಊರು ಬಿಟ್ಟು ಊರಿಗೆ ಹೋಗಿ ಆಡಿದ್ದುಂಟು. ವಿನೂ ಮಂಕಡ್ ಅವರು ನವಾನಗರ, ಗುಜರಾತ್, ಬಂಗಾಳ, ಮಹಾರಾಷ್ಟ್ರ, ಮುಂಬಯಿ, ರಾಜಸ್ಥಾನ ಎಂದು ಅರ್ಧ ಭಾರತದ ಪರ ಆಡಿದವರು. ಕರಾವಳಿಯ ಬಂಧುಗಳು ಹೆಮ್ಮೆಯಿಂದ ನೆನೆಯುವ ಬುಧಿ ಕುಂದೆರನ್ ಮೂಲ್ಕಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, 1960ರಲ್ಲಿ ಒಂದು ರಣಜಿ ಪಂದ್ಯವನ್ನೂ ಆಡದೆಯೇ ಟೆಸ್ಟ್ ಆಡಿದ ವಿಕೆಟ್ ಕೀಪರ್. ಆಮೇಲೆ ಅವರು ರಣಜಿ ಆಡಿದ್ದು ರೈಲ್ವೇಸ್ ಪರ, ನಂತರ ಮೈಸೂರಿನ ಪರ. ಅವರನ್ನು ಮುಂಬಯಿಯವರು ಪಲಾಯನ ಮಾಡಿದವನೆಂದು ಕರೆದದ್ದನ್ನು ನಾವು ಎಲ್ಲೂ ಓದಿಲ್ಲ. ನೌಕರಿ ಎಲ್ಲಿತ್ತೋ ಆಟವೂ ಅಲ್ಲಿ. ಬ್ಯಾಂಕಿನ ವರ್ಗಾವಣೆಯ ಆದೇಶ ಹಿಡಿದು ಟ್ರಂಕು ಕಟ್ಟಿದ ನಮ್ಮ ಹಿರಿಯರಿಗೆ ಅದರಲ್ಲಿ ಆಶ್ಚರ್ಯ ಕಂಡಿರಲಾರದು.

ಇನ್ನು ನಮ್ಮ ಮರಾಠಿ ಗೆಳೆಯರ ಕಡೆಗೂ ಒಂದು ನೋಟ ಹಾಯಿಸದಿದ್ದರೆ ಏಕಪಕ್ಷೀಯವಾದೀತು. ಅವರೊಡನೆ ನಮ್ಮ ಈ ಜಗಳ ಹಳೆಯದು. 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನ ಅವರ ತಂಡ ಮುಂಬಯಿಯ ಹದಿನೈದು ವರ್ಷಗಳ ಸತತ ಗೆಲುವಿಗೆ ತೆರೆ ಎಳೆದಂದಿನಿಂದ ಈ ನಗರದಲ್ಲಿ ನಾವು ಮೀಸೆಯಡಿ ನಗುತ್ತಲೇ ಬಂದಿದ್ದೇವೆ. ಮುಂಬಯಿಯ ಕ್ರಿಕೆಟ್ಟು ಬೆಳೆದದ್ದೇ ಮಕ್ಕಳ ಸ್ಥಳಾಂತರದಿಂದ. ಆಚ್ರೇಕರ್ ಮಾಸ್ತರರ ಮಾತಿನಂತೆ ಸಚಿನ್ ತೆಂಡುಲ್ಕರ್ ಬಾಂದ್ರಾದ ಶಾಲೆ ಬಿಟ್ಟು ದಾದರಿನ ಶಾರದಾಶ್ರಮಕ್ಕೆ ಸೇರಿದರು. ನಮ್ಮ ಬೊರಿವಲಿಯಲ್ಲೇ ಅಜ್ಜ-ಅಜ್ಜಿಯ ಮನೆಯಲ್ಲಿದ್ದ ರೋಹಿತ್ ಶರ್ಮಾ ಎಂಬ ಹುಡುಗನನ್ನು ತರಬೇತುದಾರ ದಿನೇಶ್ ಲಾಡ್ ಅವರು ಕಂಡು, ಶಾಲೆ ಬದಲಿಸಿ ಸ್ವಾಮಿ ವಿವೇಕಾನಂದ ಶಾಲೆಗೆ ಬಾ ಎಂದರು. ಶುಲ್ಕ ಕೊಡುವ ಶಕ್ತಿ ಮನೆಯವರಿಗಿಲ್ಲವೆಂದಾಗ ಶುಲ್ಕವನ್ನೇ ಮಾಫಿ ಮಾಡಿಸಿದರು. ಪಾಲಘರಿನ ಶಾರ್ದೂಲ್ ಠಾಕುರ್ ಅವರನ್ನು ಅದೇ ಶಾಲೆಗೆ ಕರೆತಂದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಹುಡುಗರನ್ನು ಕಳೆದುಕೊಂಡ ಶಾಲೆಗಳಿಗೆ ಏನೆನಿಸಿತೋ, ಇತಿಹಾಸದಲ್ಲಿ ಅದಕ್ಕೆ ಜಾಗವಿಲ್ಲ. ಅಂದ ಹಾಗೆ, ರೋಹಿತ್ ಹುಟ್ಟಿದ್ದು ನಾಗಪುರದಲ್ಲಿ. ವಿದರ್ಭದವರು ಅವರಿಗೆ ಎನ್‌ಓಸಿ ಕೊಟ್ಟಿದ್ದರೇ ಎಂದು ಕರುಣ್ ಅವರನ್ನು ಬೈಯುವವರು ಕೇಳಿ ನೋಡಬಹುದು!

ಬರುವವರನ್ನು ಹೀಗೆ ತೋಳು ಚಾಚಿ ಅಪ್ಪಿಕೊಳ್ಳುವ ಮುಂಬಯಿ, ಹೋಗುವವರ ವಿಷಯದಲ್ಲಿ ಮಾತ್ರ ಮುಖ ಸಿಂಡರಿಸುತ್ತದೆ. ಅರ್ಜುನ್ ತೆಂಡುಲ್ಕರ್ 2022ರಲ್ಲಿ ಗೋವಾಕ್ಕೆ ಹೋದಾಗ ಗೊಣಗಾಟ. ಮೊದಲ ರಣಜಿ ಪಂದ್ಯದಲ್ಲೇ ತಂದೆಯಂತೆ ಶತಕ ಬಾರಿಸಿದಾಗ ಮೌನ. ಉತ್ತರ ಪ್ರದೇಶದ ಭದೋಹಿಯಿಂದ ಬಾಲಕನಾಗಿ ಬಂದು ಆಜಾದ್ ಮೈದಾನದ ಡೇರೆಯಲ್ಲಿ ಮಲಗಿದ ಯಶಸ್ವಿ ಜೈಸ್ವಾಲ್ 2025ರ ಏಪ್ರಿಲಿನಲ್ಲಿ ಗೋವಾಕ್ಕೆ ಹೋಗಲು ಎನ್‌ಓಸಿ ಕೇಳಿದರು. "ನಾವು ಬೆಳೆಸಿದ ಮರ" ಎಂದು ಕೂಗು. ಮುಂದಿನ ತಿಂಗಳೇ ಅವರು ಮನಸ್ಸು ಬದಲಿಸಿ ಇಲ್ಲೇ ಇರುತ್ತೇನೆಂದಾಗ ಕೂಗಿದವರೇ ಆರತಿ ಎತ್ತಿದರು. 2013ರಲ್ಲಿ ನಮ್ಮ ಬೊರಿವಲಿಯ ಸೇಂಟ್ ಫ್ರಾನ್ಸಿಸ್ ಡಿ'ಅಸಿಸಿ ಶಾಲೆಯ ಎದುರು 546 ಹೊಡೆದು ಹೆಸರಾದ ಪೃಥ್ವಿ ಶಾ 2025ರಲ್ಲಿ ಮಹಾರಾಷ್ಟ್ರ ತಂಡಕ್ಕೆ ಹೋದರು. ಆ ಅಕ್ಟೋಬರಿನಲ್ಲಿ ಪುಣೆಯ ಅಭ್ಯಾಸ ಪಂದ್ಯದಲ್ಲಿ ಮುಂಬಯಿಯ ಎದುರೇ 181 ಹೊಡೆದು ಔಟಾದಾಗ ಹಳೆಯ ಜತೆಗಾರರೊಡನೆ ಮಾತಿಗೆ ಮಾತು ಬೆಳೆಯಿತು. ಅಭ್ಯಾಸ ಪಂದ್ಯಕ್ಕೇ ಇಷ್ಟು ಬಿಸಿ!

ಅಮೇರಿಕೆಯಲ್ಲಿ ಓದುವ ನಮ್ಮ ಮಕ್ಕಳನ್ನು ಕೇಳಿದರೆ ಅಲ್ಲಿಯೂ ಇದೇ ಪಾಡೆಂದು ತಿಳಿಯುತ್ತದೆ. ಅಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ನಮ್ಮ ಕ್ರಿಕೆಟ್ಟಿನಷ್ಟೇ ಹುಚ್ಚು. ಕಾಲೇಜು ಬದಲಿಸಿದ ಆಟಗಾರ ಹಿಂದೆ ಒಂದು ವರ್ಷ ಆಡದೆ ಕೂರಬೇಕಿತ್ತು. ವಿಶೇಷ ವಿನಾಯಿತಿ ಸಿಕ್ಕರೆ ಮಾತ್ರ ಕೂಡಲೇ ಆಡಬಹುದಿತ್ತು. 2018ರಲ್ಲಿ ಮಿಷಿಗನ್ ಸೇರಿದ ಶೇ ಪ್ಯಾಟರ್ಸನ್ ಅವರಿಗೆ ವಿನಾಯಿತಿ ಸಿಕ್ಕಿತು. ಮರುವರ್ಷ ಮಿಷಿಗನ್ನಿನ ಹುಟ್ಟು ಎದುರಾಳಿ ಒಹಾಯೊ ಸ್ಟೇಟ್ ಸೇರಿದ ಜಸ್ಟಿನ್ ಫೀಲ್ಡ್ಸ್ ಅವರಿಗೂ ಸಿಕ್ಕಿತು. ನಮ್ಮ ಹುಡುಗನಿಗೆ ಸಿಕ್ಕರೆ ನ್ಯಾಯ, ಅವರ ಹುಡುಗನಿಗೆ ಸಿಕ್ಕರೆ ಲಂಚ! ಈ ಗೋಜಲೇ ಬೇಡವೆಂದು 2021ರಲ್ಲಿ ಒಂದು ಸಲದ ಬದಲಾವಣೆಗೆ ಕಾಯುವ ನಿಯಮವನ್ನು ತೆಗೆದರು. 2024ರಲ್ಲಿ ಎಷ್ಟು ಸಲವಾದರೂ ಸರಿ ಎಂದರು. ಅತಿ ಬಿಗಿಯಿಂದ ಅತಿ ಸಡಿಲಕ್ಕೆ ಹೋದರೆಂದೇ ನಮ್ಮ ಅಭಿಪ್ರಾಯ.

ನಮ್ಮ ದೇಶದ ನಿಯಮದಲ್ಲಿ ನಿಜವಾಗಿ ಟೀಕಿಸಬೇಕಾದದ್ದು ಬೇರೆಯೇ ಇದೆ, ಅಭಿಮಾನಿಗಳ ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ. ಎನ್‌ಓಸಿ ಕೊಡುವುದು ಮೂಲ ಸಂಸ್ಥೆಯ ಕೈಯಲ್ಲಿದೆ. ಯಾಕೆ ಕೊಟ್ಟರು, ಯಾಕೆ ತಡಮಾಡಿದರು ಎಂಬ ಕಾರಣವನ್ನು ಜನರ ಮುಂದೆ ಬರೆದು ಇಡುವ ಪದ್ಧತಿ ಬರಬೇಕು. 2021ರ ಪರಿಷ್ಕರಣೆಯ ಪ್ರಕಾರ ರಣಜಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಪಂದ್ಯ ಆಡಿದವನಿಗೆ ಆಡುವ ಹನ್ನೊಂದರಲ್ಲಿದ್ದರೆ ದಿನಕ್ಕೆ 60,000 ರೂಪಾಯಿ. ಹೊರಗೆ ಕೂತವನು ಕಳೆದುಕೊಳ್ಳುವುದು ಬರೀ ಕೀರ್ತಿಯನ್ನಲ್ಲ, ಮನೆ ನಡೆಸುವ ದುಡ್ಡನ್ನು. ಒಂದು ಸಂಸ್ಥೆ ಒಂದಿಡೀ ಋತು ಒಬ್ಬನನ್ನು ಕರೆಯದಿದ್ದರೆ, ಅವನ ಎನ್‌ಓಸಿಯನ್ನು ತಡೆಯುವ ಹಕ್ಕೂ ಅದಕ್ಕೆ ಇರಕೂಡದು ಎಂಬುದು ನಮ್ಮ ಸ್ಪಷ್ಟ ನಿಲುವು. ಹಾಗೆಂದು ಮೂವರ ಮಿತಿಯನ್ನು ಕಿತ್ತುಹಾಕುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಕರುಣ್ ಅವರು ನಾಗಪುರದಲ್ಲಿ ನಿಂತ ಜಾಗದಲ್ಲಿ ಅಮರಾವತಿಯದೋ ಅಕೋಲಾದ್ದೋ ಒಬ್ಬ ಇಪ್ಪತ್ತರ ಹುಡುಗ ನಿಲ್ಲಬಹುದಿತ್ತು. ಬೆಂಗಳೂರಿನಲ್ಲಾಗಲಿ ನಾಗಪುರದಲ್ಲಾಗಲಿ ಅವನಿಗಾಗಿ ಒಂದು ಘೋಷಣೆ ಕೂಗಿದವರಿಲ್ಲ. ಕರುಣ್ ಈಗ 2025-26ರ ಋತುವಿಗೆ ಕರ್ನಾಟಕಕ್ಕೆ ಮರಳಿ, ಶಿವಮೊಗ್ಗದಲ್ಲಿ ಗೋವಾದ ಎದುರು ಔಟಾಗದೆ 174 ಹೊಡೆದಾಗ "ಮನೆಮಗ ಬಂದ" ಎಂದು ನಮ್ಮವರು ಕುಣಿದರು. ಆ ಗೋವಾ ತಂಡದಲ್ಲಿ ಚೆಂಡೆಸೆಯುತ್ತಿದ್ದವರಲ್ಲಿ ಬಾಂದ್ರಾದ ಅರ್ಜುನ್ ಒಬ್ಬರು.

ಊರು ಬಿಟ್ಟು ಬಂದು ಹೊಟ್ಟೆ ಹೊರೆದ ನಾವೇ ಊರು ಬಿಟ್ಟ ಆಟಗಾರನನ್ನು ದ್ರೋಹಿ ಎನ್ನುವುದು ಕಿವಿಗೆ ಹಿತವಾಗಿ ಕೇಳುವುದಿಲ್ಲ. ಆದರೆ ಈ ಚಾಳಿ ದೊಡ್ಡ ಮೈದಾನಗಳದ್ದು ಮಾತ್ರವಲ್ಲ. ನಮ್ಮ ಉಪನಗರಗಳ ಕನ್ನಡ ಸಂಘಗಳ ವಾರ್ಷಿಕ ಕ್ರೀಡಾಕೂಟವನ್ನೇ ನೋಡಿ. ವಾಲಿಬಾಲ್, ಹಗ್ಗಜಗ್ಗಾಟ, ಕಬಡ್ಡಿ. "ಕನ್ನಡಿಗರಿಗೆ ಮಾತ್ರ" ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ತಾಯಿ ಕುಂದಾಪುರದವರು, ತಂದೆ ರತ್ನಾಗಿರಿಯವರು ಆದ ಹುಡುಗನಿಗೆ ಆಡಲು ಬರುತ್ತದೋ ಇಲ್ಲವೋ? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಮಾತಾಡುವವನು? ಸುತ್ತಿನ ಆರಂಭದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಫೈನಲಿನ ಸೀಟಿ ಊದಿದ ಮೇಲೆ ಸೋತ ತಂಡದ ಮ್ಯಾನೇಜರು ಗೆದ್ದ ತಂಡದ ಹುಡುಗನ ಜಾತಕ ಬಿಚ್ಚಲು ಕೂರುತ್ತಾರೆ. ಬಹುಮಾನ ವಿತರಣೆಗೆ ಬಂದ ಅತಿಥಿಗಳು ಚಹಾ ಕುಡಿಯುತ್ತ ಕಾಯುತ್ತಾರೆ. ಬರುವ ವರ್ಷದ ಪ್ರವೇಶ ಅರ್ಜಿಯ ಮೇಲೆಯೇ ಯಾರು ಆಡಬಹುದು, ಅತಿಥಿ ಆಟಗಾರರು ಎಷ್ಟು, ಆಕ್ಷೇಪವಿದ್ದರೆ ಮೊದಲ ಪಂದ್ಯಕ್ಕೆ ಎಷ್ಟು ದಿನ ಮುಂಚೆ ಬರೆದು ಕೊಡಬೇಕು ಎಂಬ ಮೂರು ಸಾಲುಗಳನ್ನು ಸಂಘಗಳವರು ಅಚ್ಚು ಹಾಕಿಸಲಿ. ಕಾಗದದ ಖರ್ಚು ಹೆಚ್ಚಾಗುವುದಿಲ್ಲ.