ಲಾಸ್ ಏಂಜಲೀಸಿನ ಮೀಡೀಯ

ಗ್ರೀಕರ ದುರಂತನಾಟಕವನ್ನು ಅನ್ಯಜನರ ಬಾಳಿಗೆ ಹೊಂದಿಸುವ ಕಾರ್ಯವು ಕನ್ನಡಿಗರಿಗೆ ಅಪರಿಚಿತವಲ್ಲ. ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕದ ಅಚ್ಚಿನಲ್ಲಿ ‘ಅಶ್ವತ್ಥಾಮನ್’ ಕೃತಿಯನ್ನು ಎರಕ ಹೊಯ್ದರು. ಅಲ್ಲಿ ನಾಯಕನೂ ಅವನ ಕುಲವೂ ಯುದ್ಧವೂ ಭಾರತದವು, ಅಂಗವಿನ್ಯಾಸವು ಗ್ರೀಕರದು. ಅಮೆರಿಕದಲ್ಲಿ ನೆಲಸಿದ ಮೆಕ್ಸಿಕೋ ಮೂಲದವರ ಕವಿಗಳಲ್ಲೊಬ್ಬರಾದ ಲೂಯಿಸ್ ಆಲ್ಫಾರೋ ಅವರು ಹಿಡಿದ ದಾರಿ ಇದಕ್ಕೆ ವಿಪರೀತವಾದುದು. ಮೀಡೀಯ, ಜೇಸನ್ ಎಂಬ ಹೆಸರುಗಳು ಹಾಗೆಯೇ ಉಳಿದಿವೆ. ಮಣ್ಣು, ಮಾತು, ಅನ್ನ, ಭಯ ಇವೆಲ್ಲವೂ ಬದಲಾಗಿವೆ.

ಆಲ್ಫಾರೋ ಅವರು ಈ ವಸ್ತುವನ್ನು ಎರಡು ಸಲ ಕೈಗೆತ್ತಿಕೊಂಡರೆಂಬುದು ವಿಮರ್ಶಕನಿಗೆ ಮುಖ್ಯವಾದ ಸಂಗತಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಡಿದ ನಾಟಕದ ಹೆಸರು ‘ಬ್ರೂಹಾ’, ಎಂದರೆ ಮಾಟಗಾತಿ. 2013ರಲ್ಲಿ ಷಿಕಾಗೋ ನಗರದಲ್ಲಿ ಅದು ‘ಮೊಹಾದಾ’ ಎಂಬ ಹೆಸರಿನಿಂದ ಬೇರೆ ರೂಪ ತಾಳಿತು. ಮೊಹಾದಾ ಎಂದರೆ ನೆನೆದವಳು. ಗಡಿಯ ಹೊಳೆಯನ್ನು ಅನುಮತಿಯಿಲ್ಲದೆ ದಾಟಿ ಬಂದವರನ್ನು ಹೀನಾಯವಾಗಿ ಕರೆಯುವ ಮಾತು ಅದು. 2015ರಲ್ಲಿ ಕಥೆಯು ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಕೇರಿಗೂ, 2019ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗಕ್ಕೂ ವಲಸೆ ಹೋಯಿತು. (ಲಾಸ್ ಏಂಜಲೀಸಿನ ಪ್ರಯೋಗವು ನಡೆದುದು ರೋಮನರ ಶ್ರೀಮಂತ ಭವನವೊಂದರ ಮಾದರಿಯಲ್ಲಿ ಕಟ್ಟಿದ ಗೆಟ್ಟಿ ವಿಲ್ಲಾದ ಅಂಗಳದಲ್ಲಿ. ಬಡ ಕೂಲಿಯವರ ಕಥೆಗೆ ಕೋಟ್ಯಧೀಶನ ಮನೆಯೇ ರಂಗವಾದುದನ್ನು ಪ್ರೇಕ್ಷಕರು ಗಮನಿಸದೆ ಇದ್ದಾರೆಯೇ?)

ಪ್ರಖ್ಯಾತವಸ್ತುವಿನಲ್ಲಿ ನಾಯಕನಿಗಾಗಲಿ ರಸಕ್ಕಾಗಲಿ ಒಗ್ಗದ ಅಂಶವನ್ನು ಕವಿಯು ಬಿಡಬೇಕು, ಇಲ್ಲವೆ ಬೇರೆ ಬಗೆಯಾಗಿ ಕಲ್ಪಿಸಬೇಕೆಂದು ಧನಂಜಯನು ದಶರೂಪಕದಲ್ಲಿ ವಿಧಿಸುತ್ತಾನೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿಲ್ಲದ ದುರ್ವಾಸನ ಶಾಪವನ್ನು ಕಾಳಿದಾಸನು ತಂದುದಕ್ಕಾಗಿ ಕುಂತಕನು ಅವನನ್ನು ಮೆಚ್ಚುತ್ತಾನೆ. ಪೂರ್ವಕಥೆಯನ್ನು ಬದಲಾಯಿಸುವುದು ತಪ್ಪಲ್ಲ. ಬದಲಾವಣೆಯಿಂದ ರಸಕ್ಕೆ ಏನು ಒದಗಿತೆಂಬುದೇ ಪ್ರಶ್ನೆ.

ಕ್ರಿ. ಪೂ. 431ರಲ್ಲಿ ಆಥೆನ್ಸ್ ನಗರದಲ್ಲಿ ಪ್ರದರ್ಶಿತವಾದ ಯೂರಿಪಿಡೀಸನ ನಾಟಕದಲ್ಲಿ ಮೀಡೀಯಳು ಕಾಲ್ಕಿಸ್ ದೇಶದ ಪರದೇಶಿ, ಮೂಲಿಕೆಗಳನ್ನು ಬಲ್ಲವಳು. ಮಕ್ಕಳಿಲ್ಲದ ಈಜಿಯಸನಿಗೆ ಸಂತಾನೌಷಧವನ್ನು ಕೊಡುವೆನೆಂದು ಮಾತು ಕೊಟ್ಟವಳೇ ಸವತಿಗೆ ವಿಷ ಲೇಪಿಸಿದ ಉಡುಪನ್ನು ಕಳುಹಿಸುತ್ತಾಳೆ. ಗ್ರೀಕರ ‘ಫಾರ್ಮಕಾನ್’ ಎಂಬ ಒಂದೇ ಶಬ್ದವು ಔಷಧ, ವಿಷ ಎರಡಕ್ಕೂ ಸಲ್ಲುತ್ತದೆ. ಆ ನಾಟಕವನ್ನು ನೋಡಿದ ಆಥೆನ್ಸಿನವರಿಗೆ, ಪರದೇಶದ ಹೆಂಡತಿಯಲ್ಲಿ ಹುಟ್ಟಿದ ಮಕ್ಕಳಿಗೆ ಪೌರತ್ವವಿಲ್ಲವೆಂಬ ಪೆರಿಕ್ಲೀಸನ ಕ್ರಿ. ಪೂ. 451ರ ಶಾಸನವು ಮರೆತುಹೋಗಿರಲಾರದು. ಆದುದರಿಂದ ವಲಸೆಗಾರಳ ದುಃಖವನ್ನು ಆಲ್ಫಾರೋ ಅವರು ಹೊರಗಿನಿಂದ ತಂದು ಹೊಲಿದರೆಂದು ಆಕ್ಷೇಪಿಸುವವರು ಮೂಲವನ್ನು ಸರಿಯಾಗಿ ಓದಿದವರಲ್ಲ.

ಮಾಂತ್ರಿಕಚಿಕಿತ್ಸೆಯ ವಿಷಯ ಇಷ್ಟು ಸುಲಭವಾದುದಲ್ಲ. ಮೆಕ್ಸಿಕೋ ದೇಶದಲ್ಲಿ ಮೂಲಿಕೆ, ಪ್ರಾರ್ಥನೆ, ಧೂಪಗಳಿಂದ ರೋಗ ಕಳೆಯುವವಳನ್ನು ಕುರಾಂದೇರಾ ಎಂದು ಕರೆಯುತ್ತಾರೆ. ಸೊಪ್ಪಿನ ಕಟ್ಟಿನಿಂದ ಮೈಯನ್ನು ಸವರಿ, ಕೋಳಿಮೊಟ್ಟೆಯನ್ನು ಅಂಗಾಂಗಗಳ ಮೇಲೆ ಆಡಿಸಿ ಕೇಡನ್ನು ಸೆಳೆಯುವ ವಿಧಿಗೆ ಲಿಂಪಿಯಾ ಎಂದು ಹೆಸರು. ಮಗುವಿಗೆ ದೃಷ್ಟಿ ನಿವಾಳಿಸುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಭಯಂಕರವಾದುದನ್ನು ಕಂಡು ಆತ್ಮವೇ ದೇಹದಿಂದ ಜಾರಿಹೋಗುವ ರೋಗವೂ ಅವರಲ್ಲಿ ಉಂಟು, ಅದು ಸುಸ್ತೋ. ‘ಬ್ರೂಹಾ’ದಲ್ಲಿ ಮೀಡೀಯಳೇ ಕುರಾಂದೇರಾ. ‘ಮೊಹಾದಾ’ದಲ್ಲಿಯಾದರೋ ಅವಳು ಬಟ್ಟೆ ಹೊಲಿಯುವವಳು, ಚಿಕಿತ್ಸೆಯ ವಿದ್ಯೆಯು ಬಹುಮಟ್ಟಿಗೆ ಟೀಟಾ ಎಂಬ ಮುದಿ ಪರಿಚಾರಿಕೆಯ ಪಾಲಾಗಿದೆ.

ಈ ಸ್ಥಾನಪಲ್ಲಟವೇ ಆಲ್ಫಾರೋ ಅವರ ಪ್ರತಿಭೆಯ ಗುರುತು. ಗಡಿ ದಾಟುವಾಗ ಮೀಡೀಯಳು ಸೈನಿಕರಿಂದ ಅತ್ಯಾಚಾರಕ್ಕೊಳಗಾದವಳು. ಹೊಸ ನಾಡಿನಲ್ಲಿ ಮನೆಯ ಅಂಗಳವನ್ನು ಬಿಟ್ಟು ಹೊರಗೆ ಹೆಜ್ಜೆಯಿಡಲಾರಳು. ಅವಳ ಸಂಪ್ರದಾಯದ ಮಾತಿನಲ್ಲಿ ಹೇಳುವುದಾದರೆ ಆತ್ಮವು ಮರುಭೂಮಿಯಲ್ಲಿಯೇ ಉಳಿದಿದೆ, ಮೈ ಮಾತ್ರ ಬಾಯ್ಲ್ ಹೈಟ್ಸಿಗೆ ಬಂದಿದೆ. ಅವಳೇ ವೈದ್ಯೆಯಾಗಿದ್ದಿದ್ದರೆ ಈ ರೋಗವು ಇಷ್ಟು ಸ್ಪಷ್ಟವಾಗಿ ತೋರುತ್ತಿರಲಿಲ್ಲ. ಪಕ್ಕದಲ್ಲಿ ಟೀಟಾ ಇದ್ದೂ, ಅವಳ ವಿದ್ಯೆಯೆಲ್ಲ ಇದ್ದೂ ಗುಣವಾಗದೆ ಹೋಗುವುದರಲ್ಲಿ ಕರುಣವು ಪುಷ್ಟಿಗೊಳ್ಳುತ್ತದೆ. ಹೊಲಿಗೆಯ ಕಸಬಿನ ಔಚಿತ್ಯವೂ ಸ್ತುತ್ಯವಾದುದು. ಮೂಲದಲ್ಲಿ ಉಡುಪು ಬಂಗಾರದ ಕಿರೀಟದೊಡನೆ ಕಳುಹಿಸಿದ ಉಡುಗೊರೆ. ಇಲ್ಲಿ ಹೊಟ್ಟೆ ಹೊರೆದ ಸೂಜಿಯೇ ಸವತಿಯ ಸಾವನ್ನು ಹೊಲಿಯುತ್ತದೆ. ಸವತಿಯಾದ ಆರ್ಮಿಡಾ ಕ್ರಿಯಾನ್ ರಾಜನ ಅಧಿಕಾರವನ್ನೂ ಅವನ ಮಗಳ ಸ್ಥಾನವನ್ನೂ ಒಬ್ಬಳೇ ಹೊತ್ತಿರುವವಳು. ತಾನೂ ಒಂದು ಕಾಲಕ್ಕೆ ವಲಸೆ ಬಂದು ಸಿರಿವಂತಳಾದವಳು. ನೆಲೆ ಕಂಡುಕೊಂಡವಳೇ ನೆಲೆಯಿಲ್ಲದವಳನ್ನು ಹೊರಗೆ ನೂಕುವ ಈ ಕಲ್ಪನೆಯು ಯೂರಿಪಿಡೀಸನಲ್ಲಿಲ್ಲ.

ನಷ್ಟವೂ ಇಲ್ಲದಿಲ್ಲ. ಮೂಲದ ಮೀಡೀಯಳು ಮಕ್ಕಳನ್ನು ಕೊಲ್ಲುವ ಮೊದಲು ತನ್ನೊಡನೆ ತಾನೇ ವಾದಿಸುತ್ತಾಳೆ. ಕೇಡೆಂದು ತಿಳಿದೂ ಕ್ರೋಧಕ್ಕೆ ಸೋಲುತ್ತಾಳೆ. ಆ ಅರಿವೇ ಅವಳ ಘೋರವಾದ ಹಿರಿಮೆ. ಆಲ್ಫಾರೋ ಅವರ ನಾಟಕದಲ್ಲಿ ಆ ಆಂತರಿಕ ವಿವಾದಕ್ಕೆ ಅಷ್ಟು ವಿಸ್ತಾರವಿಲ್ಲ. ದಾರಿಯ ಹಿಂಸೆ, ಬಡತನ, ಗಂಡನ ದ್ರೋಹ ಒಂದರ ಮೇಲೊಂದು ಬಿದ್ದು, ಅಕಾನ್ ಎಂಬ ಒಬ್ಬನೇ ಮಗನ ಕೊಲೆಯು ಅವುಗಳ ಫಲವೆಂಬಂತೆ ತೋರುತ್ತದೆ. ಕಾರಣಗಳು ಹೆಚ್ಚಿದಷ್ಟೂ ಕರ್ತೃತ್ವ ತಗ್ಗುತ್ತದೆ. ಪ್ರೇಕ್ಷಕನು ಮರುಗುತ್ತಾನೆ, ನಡುಗುವುದು ಕಡಿಮೆ. ಭಯಾನಕವನ್ನು ತೆತ್ತು ಕರುಣವನ್ನು ಕೊಂಡ ವ್ಯಾಪಾರವಿದು. ತನ್ನವರ ಬಗೆಗೆ ಲೋಕಕ್ಕೆ ಕನಿಕರ ಹುಟ್ಟಿಸಬೇಕಾದ ಕವಿಗೆ ಇದು ಅನಿವಾರ್ಯವಾಗಿದ್ದಿರಬಹುದು. ಆದರೂ ಬೆಲೆಯು ಬೆಲೆಯೇ.

ಮುಕ್ತಾಯದಲ್ಲಿ ಮಾತ್ರ ನಾಟಕವು ಕಳೆದುಕೊಂಡುದನ್ನು ಸ್ವಲ್ಪಮಟ್ಟಿಗೆ ಮರಳಿ ಗಳಿಸುತ್ತದೆ. ಯೂರಿಪಿಡೀಸನ ಮೀಡೀಯಳು ಸೂರ್ಯನ ರಥವನ್ನೇರಿ ಪಾರಾಗುತ್ತಾಳೆ. ದೇವತೆಯ ಮೊಮ್ಮಗಳಿಗೆ ಅದು ಸಹಜ. ವಲಸೆ ಬಂದ ದರ್ಜಿಯವಳಿಗೆ ರಥವೆಲ್ಲಿಯದು? ಅವಳು ತನ್ನ ನಾಡಿನ ಗುವಾಕೋ ಎಂಬ ಹಕ್ಕಿಯಾಗುತ್ತಾಳೆ. ಹಾವನ್ನು ಹಿಡಿದು ತಿನ್ನುವ, ದೂರದವರೆಗೆ ಕೇಳುವಂತೆ ಕೂಗುವ ಗಿಡುಗದ ಜಾತಿಯದು ಅದು. ಅಂಗಳವನ್ನು ದಾಟಲಾರದವಳಿಗೆ ರೆಕ್ಕೆ ಬಂದಾಗ, ಅದು ರೋಗ ನೀಗಿದುದೋ ಉಲ್ಬಣಿಸಿದುದೋ ಎಂಬುದನ್ನು ಕವಿಯು ಬಾಯಿಬಿಟ್ಟು ಹೇಳುವುದಿಲ್ಲ.